ಮೊದಲ ಡೆಂಟಲ್ ಕ್ಲಿನಿಕ್ ಕೆಲಸ: ಹ್ಞೂಂ ಅನ್ನುವ ಮುಂಚೆ ಏನೇನು ನೋಡಬೇಕು?

ಇಂಟರ್ನ್‌ಶಿಪ್ ಮುಗಿಯುವ ಹೊತ್ತಿಗೆ ಬಿಡಿಎಸ್ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಒಂದೇ ಥರದ ಮೆಸೇಜು ಓಡಾಡಲು ಶುರುವಾಗುತ್ತದೆ. 'ಅಸೋಸಿಯೇಟ್ ಡೆಂಟಿಸ್ಟ್ ಬೇಕಾಗಿದ್ದಾರೆ. ಫ್ರೆಶರ್ಸ್ ಆದರೂ ಪರವಾಗಿಲ್ಲ. ಒಳ್ಳೆಯ ಸಂಬಳ.' ಫೋನ್ ಮಾಡಿದರೆ ಒಂದು ಅಂಕಿ ಹೇಳುತ್ತಾರೆ, ಸೋಮವಾರದಿಂದಲೇ ಬಂದುಬಿಡಿ ಅನ್ನುತ್ತಾರೆ. ಬಹಳ ಜನ ಅಷ್ಟಕ್ಕೇ ಒಪ್ಪಿಕೊಂಡುಬಿಡುತ್ತಾರೆ.

ಸಂಬಳ ಮುಖ್ಯ ಅಲ್ಲ ಅಂತ ನಾನೇನೂ ಹೇಳುವುದಿಲ್ಲ. ಐದು ವರ್ಷ ಫೀಸ್ ಕಟ್ಟಿದ ಮನೆಯವರು ಮೊದಲು ಕೇಳುವುದೇ ಅದನ್ನು. ಆದರೆ ನಿಮ್ಮ ಕೈಗೆ ಯಾವ ಕೇಸ್ ಬರುತ್ತದೆ, ಮಾಡಿದ್ದನ್ನು ನೋಡಿ ತಿದ್ದುವವರು ಯಾರು, ಕೆಲಸ ಕೆಟ್ಟರೆ ಯಾರ ತಲೆಗೆ ಬರುತ್ತದೆ ಅನ್ನುವುದು ಗೊತ್ತಿಲ್ಲದೆ ಆ ಅಂಕಿಯನ್ನು ಅಳೆಯುವುದಕ್ಕೇ ಆಗಲ್ಲ. ಇಲ್ಲಿ ಬರೆದಿರುವುದು ಕರ್ನಾಟಕದ ಖಾಸಗಿ ಕ್ಲಿನಿಕ್‌ಗಳನ್ನು ಮನಸ್ಸಲ್ಲಿಟ್ಟುಕೊಂಡು.

ಹೆಜ್ಜೆ 1: ಮೊದಲು ನಿಮ್ಮ ಕಾಗದ, ನಿಮ್ಮ ಕೈ

ಕರ್ನಾಟಕ ರಾಜ್ಯ ದಂತ ವೈದ್ಯಕೀಯ ಪರಿಷತ್ತಿನ ನೋಂದಣಿ ಕೈಗೆ ಬರುವವರೆಗೆ ಯಾವ ಕ್ಲಿನಿಕ್ಕಿನಲ್ಲೂ ರೋಗಿಯನ್ನು ಮುಟ್ಟಬೇಡಿ. 'ಅದು ಬರುತ್ತೆ ಬಿಡಿ, ಅಷ್ಟರಲ್ಲಿ ಶುರು ಮಾಡಿ' ಅನ್ನುವ ಕ್ಲಿನಿಕ್ ಉಳಿದ ವಿಷಯದಲ್ಲೂ ಹಾಗೇ ಇರುತ್ತದೆ.

ಆಮೇಲೆ ಒಂದು ಹಾಳೆಯಲ್ಲಿ ಮೂರು ಕಾಲಮ್ ಮಾಡಿ: ಒಬ್ಬರೇ ಮಾಡಬಲ್ಲದ್ದು, ಯಾರಾದರೂ ಪಕ್ಕದಲ್ಲಿದ್ದರೆ ಮಾಡಬಲ್ಲದ್ದು, ಇನ್ನೂ ಬರದೇ ಇರುವುದು. ಸುಮಾರು ಫ್ರೆಶರ್‌ಗಳ ಹಾಳೆಯಲ್ಲಿ ಸ್ಕೇಲಿಂಗ್ (ಹಲ್ಲಿನ ಕ್ಲೀನಿಂಗ್), ಫಿಲ್ಲಿಂಗ್, ಹಲ್ಲು ಕೀಳುವ ಸುಲಭದ ಎಕ್ಸ್‌ಟ್ರಾಕ್ಷನ್ ಮೊದಲ ಕಾಲಮಿನಲ್ಲಿ ಇರುತ್ತವೆ. ಮುಂದಿನ ಹಲ್ಲಿನ ಆರ್‌ಸಿಟಿ, ಕ್ರೌನ್ ಕಟಿಂಗ್ ಎರಡನೆಯದರಲ್ಲಿ (ಆರ್‌ಸಿಟಿ ಅಂದರೆ ರೂಟ್ ಕೆನಾಲ್ ಚಿಕಿತ್ಸೆ, ಕ್ರೌನ್ ಅಂದರೆ ಹಲ್ಲಿನ ಕ್ಯಾಪ್). ದವಡೆ ಹಲ್ಲಿನ ಆರ್‌ಸಿಟಿ, ಅಡ್ಡ ಬೆಳೆದ ಬುದ್ಧಿಹಲ್ಲು, ಇಂಪ್ಲಾಂಟ್ ಮೂರನೆಯದರಲ್ಲಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನಿಲ್ಲ. ಕ್ಲಿನಿಕ್ಕಿಗೆ ಹೋದಾಗ ಈ ಹಾಳೆಯನ್ನು ಮುಂದಿಟ್ಟು ಮಾತಾಡಿ. ಚೀಫ್ ಡಾಕ್ಟರ್ ಅದನ್ನು ಓದಿ, 'ಎರಡನೇ ಕಾಲಮಿನದು ಮಧ್ಯಾಹ್ನ ಇಟ್ಟುಕೊಳ್ಳೋಣ, ನಾನು ಇರ್ತೀನಿ' ಅಂದರೆ ಆ ಆಫರಿನ ಬೆಲೆ ಅಲ್ಲೇ ಜಾಸ್ತಿಯಾಯಿತು. ಹಾಳೆ ನೋಡದೆ 'ಎಲ್ಲಾ ಬರುತ್ತೆ, ಧೈರ್ಯ ಮಾಡಿ' ಅಂದರೆ, ಧೈರ್ಯ ನಿಮ್ಮದು, ಹಲ್ಲು ರೋಗಿಯದು ಅಂತ ಅರ್ಥ.

ಹೆಜ್ಜೆ 2: ಇದು ಯಾವ ಬಗೆಯ ಆಫರ್?

ಫಿಕ್ಸೆಡ್ ಸಂಬಳ, ಫಿಕ್ಸೆಡ್ ಜೊತೆ ಪರ್ಸೆಂಟೇಜ್, ಬರೀ ಪರ್ಸೆಂಟೇಜ್. ಸುತ್ತಿ ಬಳಸಿ ಎಲ್ಲ ಆಫರೂ ಈ ಮೂರರಲ್ಲಿ ಒಂದು. ಚೈನ್ ಕ್ಲಿನಿಕ್ ಆದರೆ ಸಾಮಾನ್ಯವಾಗಿ ಸಂಬಳ, ಟಾರ್ಗೆಟ್, ಇನ್ಸೆಂಟಿವ್ ಮೂರೂ ಇರುತ್ತವೆ.

ಎರಡನ್ನು ಹೋಲಿಸಿ ನೋಡೋಣ. ಒಂದು ಕ್ಲಿನಿಕ್ ತಿಂಗಳಿಗೆ 20,000 ಫಿಕ್ಸೆಡ್ ಕೊಡುತ್ತದೆ, ನಿಮ್ಮ ಕಲೆಕ್ಷನ್ (ನೀವು ಮಾಡಿದ ಕೆಲಸಕ್ಕೆ ರೋಗಿಗಳಿಂದ ಬಂದ ಹಣ) 1 ಲಕ್ಷ ದಾಟಿದ ಮೇಲಿನ ಮೊತ್ತಕ್ಕೆ 20% ಸೇರಿಸುತ್ತದೆ ಅಂತಿಟ್ಟುಕೊಳ್ಳಿ. ಇನ್ನೊಂದು ಬರೀ 30% ಕೊಡುತ್ತದೆ. ಕಲೆಕ್ಷನ್ 40,000 ಆದ ತಿಂಗಳು ಮೊದಲನೆಯದರಲ್ಲಿ 20,000, ಎರಡನೆಯದರಲ್ಲಿ 12,000. ಕಲೆಕ್ಷನ್ 1,40,000 ಆದರೆ ಮೊದಲನೆಯದರಲ್ಲಿ 28,000, ಎರಡನೆಯದರಲ್ಲಿ 42,000. ಸುಮಾರು 67,000 ಕಲೆಕ್ಷನ್ ಹತ್ತಿರ ಎರಡೂ ಸಮ. ಹಾಗಾಗಿ ಕೇಳಬೇಕಾದ್ದು, ನಿಮಗಿಂತ ಮುಂಚೆ ಇದೇ ಚೇರಿನಲ್ಲಿ ರೋಗಿಗಳನ್ನು ನೋಡುತ್ತಿದ್ದ ಡಾಕ್ಟರ ತಿಂಗಳ ಕಲೆಕ್ಷನ್ ಎಷ್ಟಿತ್ತು ಅಂತ. ಚೇರ್ ಹೊಸದಾಗಿ ಹಾಕಿದ್ದು, ರೋಗಿಗಳು ಇನ್ನು ಮೇಲೆ ಬರಬೇಕು ಅನ್ನುವುದಾದರೆ, ಬರೀ ಪರ್ಸೆಂಟೇಜಿಗೆ ಒಪ್ಪಬೇಡಿ. ಕ್ಲಿನಿಕ್ ಬೆಳೆಯುವವರೆಗಿನ ನಷ್ಟವನ್ನು ಹೊಸಬರ ಮೇಲೆ ಹಾಕುವ ದಾರಿ ಅದು. ಮೊದಲ ಆರು ತಿಂಗಳಿಗಾದರೂ ಕನಿಷ್ಠ ಮೊತ್ತ ಇಷ್ಟು ಅಂತ ಗ್ಯಾರಂಟಿ ಕೇಳಿ.

'ಫಿಕ್ಸೆಡ್ ಅಥವಾ ಪರ್ಸೆಂಟೇಜ್' ಬೇರೆ, 'ಫಿಕ್ಸೆಡ್ ಮತ್ತು ಪರ್ಸೆಂಟೇಜ್' ಬೇರೆ. ಫೋನಿನಲ್ಲಿ ಎರಡೂ ಒಂದೇ ಥರ ಕೇಳಿಸುತ್ತವೆ.

ಹೆಜ್ಜೆ 3: ಪರ್ಸೆಂಟ್ ಎಷ್ಟು ಅಂತಲ್ಲ, ಯಾವುದರ ಮೇಲೆ?

ಜಗಳಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದೇ ಇಲ್ಲಿ. ಅದಕ್ಕೇ ಸ್ವಲ್ಪ ನಿಧಾನವಾಗಿ ನೋಡೋಣ.

ಒಬ್ಬ ರೋಗಿಗೆ ಆರ್‌ಸಿಟಿ ಮತ್ತು ಕ್ರೌನ್ ಮಾಡಿದಿರಿ. ಆರ್‌ಸಿಟಿ 4,500, ಕ್ರೌನ್ 5,500, ಒಟ್ಟು ಬಿಲ್ 10,000. ರಿಸೆಪ್ಷನ್‌ನಲ್ಲಿ ಚೌಕಾಸಿ ಆಗಿ 1,000 ಡಿಸ್ಕೌಂಟ್ ಹೋಯಿತು, ಬಂದದ್ದು 9,000. ಕ್ರೌನಿಗೆ ಲ್ಯಾಬ್ ಚಾರ್ಜ್ 1,500. ನಿಮ್ಮ ಪಾಲು 30%. (ಲೆಕ್ಕಕ್ಕೆ ಇಟ್ಟುಕೊಂಡ ಅಂಕಿಗಳು, ನಿಮ್ಮೂರಿನ ದರ ಹಾಕಿ ನೋಡಿ.)

ಬಿಲ್ ಮೇಲೆ ಆದರೆ 3,000.
ಬಂದ ಹಣದ ಮೇಲೆ ಆದರೆ 2,700.
ಲ್ಯಾಬ್ ಚಾರ್ಜ್ ಕಳೆದು ಉಳಿದದ್ದರ ಮೇಲೆ ಆದರೆ 2,250.
ಲ್ಯಾಬ್ ಜೊತೆ ಮೆಟೀರಿಯಲ್ ಅಂತ ಬಂದ ಹಣದ ಇನ್ನೂ 10% ಕಳೆದರೆ 1,980.
ಆರ್‌ಸಿಟಿ ನಿಮ್ಮದು, ಕ್ರೌನ್ ಚೀಫ್ ಡಾಕ್ಟರದ್ದು ಅಂದರೆ, ಡಿಸ್ಕೌಂಟ್ ಮುಟ್ಟದಿದ್ದರೂ 1,350.
ಲ್ಯಾಬ್ ಚಾರ್ಜನ್ನು ಒಟ್ಟು ಮೊತ್ತದಿಂದ ಕಳೆಯದೆ ನಿಮ್ಮ ಪಾಲಿನಿಂದಲೇ ಪೂರ್ತಿ ಹಿಡಿದರೆ 1,200.

ಆರು ಉತ್ತರಕ್ಕೂ ಕ್ಲಿನಿಕ್ ಹೇಳುವುದು 'ಮೂವತ್ತು ಪರ್ಸೆಂಟ್' ಅಂತಲೇ. ಯಾರೂ ಸುಳ್ಳು ಹೇಳಿಲ್ಲ ನೋಡಿ.

ಲ್ಯಾಬ್ ಚಾರ್ಜ್ ಕಳೆಯುವುದು ನ್ಯಾಯವೇ, ಅದು ನಿಜವಾಗಿ ಹೊರಗೆ ಹೋಗುವ ಹಣ. ಮೆಟೀರಿಯಲ್ ಕಳೆಯುವುದು ನನಗೆ ಒಪ್ಪಿಗೆ ಇಲ್ಲ. ಕ್ಲಿನಿಕ್ ಇಟ್ಟುಕೊಳ್ಳುವ 70% ಇರುವುದೇ ಬಾಡಿಗೆ, ಕರೆಂಟು, ಮೆಟೀರಿಯಲ್, ಅಸಿಸ್ಟೆಂಟ್ ಸಂಬಳಕ್ಕೆ. ಡಿಸ್ಕೌಂಟ್ ಕೊಡುವ ಅಧಿಕಾರ ನಿಮಗಿಲ್ಲದಿದ್ದರೆ ಅದರ ನಷ್ಟವೂ ನಿಮ್ಮದಾಗಬಾರದು. ಕನಿಷ್ಠ ಇಷ್ಟನ್ನಾದರೂ ಮಾತಾಡಿ.

ಇನ್ನೆರಡು ಮೂಲೆ ಇವೆ. ರೋಗಿ ಕಂತಿನಲ್ಲಿ ಕೊಡುತ್ತಾರೆ, ಕೊನೆಯ ಕಂತು ಬರುವಷ್ಟರಲ್ಲಿ ನೀವು ಕೆಲಸ ಬಿಟ್ಟಿರುತ್ತೀರಿ. ಆ ಪಾಲು ಸಿಗುತ್ತದೆಯೇ? ಮತ್ತೆ, ಆರು ತಿಂಗಳಿಗೆ ಕ್ರೌನ್ ಬಿಚ್ಚಿ ಬಂತು, ಬೇರೆಯವರು ಪುಕ್ಕಟೆ ಮಾಡಿಕೊಟ್ಟರು. ನಿಮ್ಮ ಪಾಲಿನಿಂದ ಹಿಡಿಯುತ್ತಾರೆಯೇ? ಎಷ್ಟು ದಿನದವರೆಗೆ? ಲ್ಯಾಬಿನ ತಪ್ಪಾದರೆ? ಉತ್ತರ ಏನೇ ಇರಲಿ, ಮೊದಲೇ ಗೊತ್ತಿರಲಿ.

ಪ್ರತಿ ತಿಂಗಳು ರೋಗಿವಾರು ಲೆಕ್ಕ ಕೊಡುತ್ತಾರೆಯೇ ಅಂತಲೂ ಕೇಳಿ. ಸಾಫ್ಟ್‌ವೇರಿನಲ್ಲಿ ನಿಮ್ಮ ಹೆಸರಿನ ಕಲೆಕ್ಷನ್ ನೋಡಲು ಲಾಗಿನ್ ಕೊಟ್ಟರೆ ಇನ್ನೂ ಒಳ್ಳೆಯದು. ಕೊಡದಿದ್ದರೂ ಒಂದು ಡೈರಿ ಇಟ್ಟು ದಿನದ ಕೆಲಸ ಬರೆದುಕೊಳ್ಳಿ.

ಹೆಜ್ಜೆ 4: ಗಂಟೆಗೆ ಎಷ್ಟು ಬಿತ್ತು?

ಬೆಂಗಳೂರಿನ ಕ್ಲಿನಿಕ್ ಟೈಮಿಂಗ್ ಒಮ್ಮೆ ಗಮನಿಸಿ. ಬೆಳಗ್ಗೆ 10ರಿಂದ 1:30, ಸಂಜೆ 4:30ರಿಂದ 9. ಚೇರಿನ ಪಕ್ಕ 8 ಗಂಟೆ, ಮನೆಯಿಂದ ಹೊರಗೆ 11 ಗಂಟೆ, ಟ್ರಾಫಿಕ್ ಬೇರೆ. ಮಧ್ಯದ ಮೂರು ಗಂಟೆಯಲ್ಲಿ ರಾಜಾಜಿನಗರದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಊಟ ಮಾಡಿ ವಾಪಸ್ ಬರುವುದು ಆಗದ ಮಾತು. 25,000 ಸಂಬಳ, 26 ದಿನ ಅಂದರೆ 8 ಗಂಟೆಯ ಲೆಕ್ಕದಲ್ಲಿ ಗಂಟೆಗೆ 120 ರೂಪಾಯಿ, 11 ಗಂಟೆಯ ಲೆಕ್ಕದಲ್ಲಿ 87. ಸಂಜೆ ಮಾತ್ರ ಕರೆದು 15,000 ಕೊಡುವ ಕ್ಲಿನಿಕ್ ಇದಕ್ಕಿಂತ ಲಾಭವಾಗಬಹುದು. ಬೆಳಗ್ಗೆ ಎಂಡಿಎಸ್ (ಸ್ನಾತಕೋತ್ತರ) ಪ್ರವೇಶ ಪರೀಕ್ಷೆಗೆ ಓದುವವರಿಗಂತೂ ಖಂಡಿತ.

ಊರಿನ ಆಯ್ಕೆಯೂ ಇಲ್ಲೇ ಬರುತ್ತದೆ. ದಾವಣಗೆರೆ, ಹಾಸನದಂಥ ಊರಿನಲ್ಲಿ ಫೀಸ್ ಕಡಿಮೆ, ಬಾಡಿಗೆಯೂ ಕಡಿಮೆ. ಎಕ್ಸ್‌ಟ್ರಾಕ್ಷನ್, ಹಲ್ಲಿನ ಸೆಟ್ ಕೆಲಸ ಜಾಸ್ತಿ ಸಿಗುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ನೀರಿನ ಫ್ಲೋರೈಡಿನಿಂದ ಕಂದುಗಟ್ಟಿದ ಹಲ್ಲುಗಳನ್ನು ಕಾಲೇಜಿನ ಸ್ಲೈಡಿನಲ್ಲಿ ಅಲ್ಲ, ಚೇರಿನಲ್ಲೇ ನೋಡುತ್ತೀರಿ. ಕಲಿಯುವ ಕೈಗೆ ಇದೂ ಒಂದು ಸಂಬಳವೇ.

ಹೆಜ್ಜೆ 5: ಅರ್ಧ ದಿನ ಸುಮ್ನೆ ಕೂತು ನೋಡಿ

'ಒಂದು ಸಂಜೆ ಬಂದು ನೋಡಲಾ ಸರ್?' ಅಂತ ಕೇಳಿ. ಬೇಡ ಅನ್ನುವ ಕಡೆ ಹೋಗುವುದೂ ಬೇಡ. ಭಾನುವಾರ ಖಾಲಿ ಕ್ಲಿನಿಕ್ ತೋರಿಸಿದರೆ ಉಪಯೋಗವಿಲ್ಲ. ಗಿರಾಕಿ ಜಾಸ್ತಿ ಇರುವ ಹೊತ್ತಿಗೇ ಹೋಗಿ.

ಮೊದಲು ಹಲ್ಲು ಕೊರೆಯುವ ಏರೋಟರ್ ಹ್ಯಾಂಡ್‌ಪೀಸ್ ಎಷ್ಟಿವೆ ಎಣಿಸಿ. ಎರಡು ಚೇರ್, ಮೂರು ಹ್ಯಾಂಡ್‌ಪೀಸ್, ಸಂಜೆ 5ರಿಂದ 8ರೊಳಗೆ ಏರೋಟರ್ ಬೇಕಾದ ರೋಗಿಗಳು ಹನ್ನೆರಡು ಅಂತಿಟ್ಟುಕೊಳ್ಳಿ. ಆಟೊಕ್ಲೇವ್‌ನಲ್ಲಿ (ಹಬೆಯಲ್ಲಿ ಉಪಕರಣ ಶುದ್ಧಿ ಮಾಡುವ ಯಂತ್ರ) ಬಿಸಿಯಾಗಿ, 121 ಡಿಗ್ರಿಯಲ್ಲಿ ನಿಂತು, ಒಣಗಿ ಹೊರಬರಲು ಮುಕ್ಕಾಲು ಗಂಟೆ ಹಿಡಿಯಿರಿ. ಒಬ್ಬ ರೋಗಿಯ ಕೆಲಸಕ್ಕೆ ಅರ್ಧ ಗಂಟೆ. ಒಂದು ಹ್ಯಾಂಡ್‌ಪೀಸ್ ಮತ್ತೆ ಸಿದ್ಧವಾಗಲು ಒಂದೂಕಾಲು ಗಂಟೆ ಬೇಕು, ಅಂದರೆ ಆ ಮೂರು ಗಂಟೆಯಲ್ಲಿ ಹೆಚ್ಚೆಂದರೆ ಮೂರು ಸಲ. ಮೂರರಿಂದ ಒಂಬತ್ತು ರೋಗಿಗಳು. ಉಳಿದ ಮೂವರಿಗೆ ಏನಾಯಿತು? ಸ್ಪಿರಿಟ್ ಹತ್ತಿಯಲ್ಲಿ ಒರೆಸಿ ಹಾಕಿದ್ದಾರೆ. ಯಾರನ್ನೂ ಕೇಳಬೇಕಾಗಿಲ್ಲ, ಲೆಕ್ಕವೇ ಹೇಳುತ್ತದೆ.

ಪೌಚ್‌ಗಳ ಮೇಲೆ (ಉಪಕರಣ ಶುದ್ಧಿ ಮಾಡಿಡುವ ಚೀಲ) ತಾರೀಕು ಬರೆದಿದೆಯೇ, ಶುದ್ಧಿಯಾದದ್ದು ತೋರಿಸುವ ಇಂಡಿಕೇಟರ್ ಬಣ್ಣ ತಿರುಗಿದೆಯೇ ನೋಡಿ. ಎಂಡೋ ಡಬ್ಬ ತೆಗೆದು ಬೇರಿನ ಕೆನಾಲ್ ಉಜ್ಜುವ ಫೈಲುಗಳನ್ನು ಬೆಳಕಿಗೆ ಹಿಡಿಯಿರಿ. ಸುರುಳಿ ಬಿಚ್ಚಿಕೊಂಡ ಫೈಲ್ ಇನ್ನೂ ಡಬ್ಬದಲ್ಲೇ ಇದ್ದರೆ, ಅದು ಒಂದು ದಿನ ಕೆನಾಲ್ ಒಳಗೆ ಮುರಿಯುತ್ತದೆ. ಆಗ ಅದನ್ನು ಹಿಡಿದಿರುವುದು ನಿಮ್ಮ ಕೈ. ಬೇರಿನ ತುದಿ ಗುರುತಿಸುವ ಏಪೆಕ್ಸ್ ಲೊಕೇಟರ್, ಡಿಜಿಟಲ್ ಎಕ್ಸ್‌ರೇ ತೋರಿಸುವ ಆರ್‌ವಿಜಿ ಇವೆಯೇ, ಕೆಲಸ ಮಾಡುತ್ತವೆಯೇ? ಹಲ್ಲನ್ನು ಎಂಜಲಿನಿಂದ ಬೇರೆ ಮಾಡುವ ರಬ್ಬರ್ ಡ್ಯಾಮ್ ಕಪಾಟಿನಲ್ಲಿ ಇರುವುದು ಬೇರೆ, ಬಳಸುವುದು ಬೇರೆ. ಅದನ್ನು ಹಿಡಿಯುವ ಕ್ಲಾಂಪ್ ಬಳಸಿ ಹಳೆಯದಾಗಿ ಕಂಡರೆ ಖುಷಿಪಡಿ. ಎಮರ್ಜೆನ್ಸಿ ಡಬ್ಬದಲ್ಲಿ ಅಡ್ರಿನಲಿನ್ ಆಂಪ್ಯೂಲಿನ ಎಕ್ಸ್‌ಪೈರಿ ಓದಿ.

ಕೈಗೆ ಸೂಜಿ ಚುಚ್ಚಿದರೆ ಏನು ಮಾಡ್ತೀರಿ ಅಂತ ಅಸಿಸ್ಟೆಂಟ್ ಅಕ್ಕನನ್ನು ಕೇಳಿ. ಎಚ್‌ಐವಿ ತಡೆ ಮಾತ್ರೆ ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಯೊಳಗೆ ಶುರುವಾಗಬೇಕು. ಯಾವ ಆಸ್ಪತ್ರೆಗೆ ಓಡಬೇಕು ಅನ್ನುವುದಾದರೂ ಅವರಿಗೆ ಗೊತ್ತಿರಬೇಕಲ್ವಾ. ಹೆಪಟೈಟಿಸ್ ಬಿ ಲಸಿಕೆ ಹಾಕಿಸುವುದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಸಂಸ್ಥೆಯದೇ ಹೊಣೆ. ನಿಮ್ಮ ಮೂರು ಡೋಸ್ ಆಗಿದೆಯೇ ಅಂತ ನೀವೂ ನೋಡಿಕೊಳ್ಳಿ.

ಆಮೇಲೆ ಚೀಫ್ ಡಾಕ್ಟರ್ ರೋಗಿಯ ಜೊತೆ ಮಾತಾಡುವುದನ್ನು ಕೇಳಿಸಿಕೊಳ್ಳಿ. ಫಿಲ್ಲಿಂಗಿನಲ್ಲಿ ಮುಗಿಯುವುದನ್ನು ಆರ್‌ಸಿಟಿ ಅನ್ನುತ್ತಿದ್ದಾರೆಯೇ? ಎಕ್ಸ್‌ರೇ ತೋರಿಸಿ ಹೇಳುತ್ತಿದ್ದಾರೆಯೇ? ನಾಳೆ ಅದೇ ಮಾತನ್ನು ನಿಮ್ಮ ಬಾಯಲ್ಲಿ ಹೇಳಿಸುತ್ತಾರೆ.

ಹೆಜ್ಜೆ 6: ಹೊರಗೆ ವಿಚಾರಿಸಿ

ಹಿಂದಿನ ಅಸೋಸಿಯೇಟ್ ಸಿಕ್ಕರೆ ಎರಡೇ ಪ್ರಶ್ನೆ ಸಾಕು: ದುಡ್ಡು ಯಾವ ತಾರೀಕಿಗೆ ಬರುತ್ತಿತ್ತು, ಯಾಕೆ ಬಿಟ್ಟಿರಿ? ಎರಡು ವರ್ಷದಲ್ಲಿ ನಾಲ್ಕು ಜನ ಬದಲಾಗಿದ್ದರೆ ಕಾರಣ ಆ ನಾಲ್ವರಲ್ಲಿ ಇರುವುದಿಲ್ಲ.

ಅವರು ಸಿಗದಿದ್ದರೆ ಲ್ಯಾಬ್ ಹುಡುಗ ಇದ್ದಾನೆ. ದಿನಾ ಬೈಕಿನಲ್ಲಿ ಬಂದು ಇಂಪ್ರೆಷನ್ (ಹಲ್ಲಿನ ಅಚ್ಚು) ಎತ್ತಿಕೊಂಡು, ಕ್ರೌನ್ ಕೊಟ್ಟು ಹೋಗುವವನು. ಯಾವ ಕ್ಲಿನಿಕ್ ಮೂರು ತಿಂಗಳ ಲ್ಯಾಬ್ ಬಿಲ್ ಬಾಕಿ ಇಟ್ಟಿದೆ, ಯಾವ ಕ್ಲಿನಿಕ್ಕಿನ ಇಂಪ್ರೆಷನ್ ಪದೇ ಪದೇ ವಾಪಸ್ ಹೋಗುತ್ತದೆ, ಎಲ್ಲ ಅವನಿಗೆ ಗೊತ್ತು. ಲ್ಯಾಬಿಗೇ ದುಡ್ಡು ಕೊಡದವರು ನಿಮಗೆ ಒಂದನೇ ತಾರೀಕಿಗೆ ಕೊಡ್ತಾರಾ? ಮೆಟೀರಿಯಲ್ ಡೀಲರ್ ಹತ್ತಿರವೂ ಇದೇ ಸುದ್ದಿ ಸಿಗುತ್ತದೆ.

ಹೆಜ್ಜೆ 7: ಗೋಡೆ ಮೇಲಿನ ಕಾಗದಗಳು

ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಕ್ಲಿನಿಕ್ ನೋಂದಣಿ ಆಗಿರಬೇಕು. ಎಲ್ಲರೂ ಕೆಪಿಎಂಇ ಅನ್ನುತ್ತಾರೆ. ಎಕ್ಸ್‌ರೇ ಯಂತ್ರಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನೋಂದಣಿ ಬೇಕು. ತ್ಯಾಜ್ಯ ಒಯ್ಯುವ ಸಂಸ್ಥೆಯ ಜೊತೆ ಒಪ್ಪಂದ ಬೇಕು. ಇಷ್ಟು ಇದೆಯೇ ಅಂತ ಕೇಳುವುದು ಉದ್ಧಟತನ ಅಲ್ಲ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಕೆಲವರಿಗೆ ಬೇಕಾಗಿರುವುದು ನೀವಲ್ಲ, ನಿಮ್ಮ ರಿಜಿಸ್ಟ್ರೇಷನ್ ನಂಬರು. ನಿಮ್ಮ ಸರ್ಟಿಫಿಕೇಟ್ ಗೋಡೆಗೆ ಹಾಕಿ, ವಾರಕ್ಕೆರಡು ದಿನ ಬನ್ನಿ ಸಾಕು ಅನ್ನುತ್ತಾರೆ. ಉಳಿದ ದಿನ ಓದದವರೊಬ್ಬರು ಹಲ್ಲು ಕೀಳುತ್ತಿರುತ್ತಾರೆ. ಹೆಚ್ಚುಕಮ್ಮಿ ಆದರೆ ಪರಿಷತ್ತು ಹುಡುಕಿಕೊಂಡು ಬರುವುದು ಗೋಡೆ ಮೇಲಿನ ಹೆಸರನ್ನು. ಇಂಥ ಆಫರಿಗೆ ಎಷ್ಟು ಕೊಟ್ಟರೂ ಬೇಡ. ರೆಫರ್ ಮಾಡಿದ್ದಕ್ಕೆ ಕಮಿಷನ್ ಕೊಡುವ, ತೆಗೆದುಕೊಳ್ಳುವ ವ್ಯವಸ್ಥೆ ಇದ್ದರೂ ದೂರ ಇರಿ, 2014ರ ದಂತವೈದ್ಯರ ನೀತಿ ಸಂಹಿತೆ ಅದನ್ನು ಒಪ್ಪುವುದಿಲ್ಲ.

ಹೆಜ್ಜೆ 8: ಸಂಬಳದವರಾ, ಕನ್ಸಲ್ಟೆಂಟಾ?

ಕಾಗದದಲ್ಲಿ ನೀವು ನೌಕರರೋ ಕನ್ಸಲ್ಟೆಂಟೋ ಅನ್ನುವುದರ ಮೇಲೆ ಬಹಳಷ್ಟು ನಿಂತಿದೆ. ನೌಕರರಾದರೆ, 20 ಅಥವಾ ಹೆಚ್ಚು ಜನ ಇರುವ ಸಂಸ್ಥೆಯಲ್ಲಿ ಪಿಎಫ್, 10 ಅಥವಾ ಹೆಚ್ಚು ಜನ ಇದ್ದು ಸಂಬಳ 21,000ದೊಳಗಿದ್ದರೆ ಇಎಸ್ಐ. 10 ಜನ ಇರುವ ಕಡೆ 26 ವಾರದ ಹೆರಿಗೆ ರಜೆಯೂ ಇದೆ. ಕನ್ಸಲ್ಟೆಂಟ್ ಆದರೆ ಇದ್ಯಾವುದೂ ಇಲ್ಲ. ಬಿಡಿಎಸ್ ಕ್ಲಾಸುಗಳಲ್ಲಿ ಹುಡುಗಿಯರೇ ಜಾಸ್ತಿ ಇರುವಾಗ ಈ ಹೆರಿಗೆ ರಜೆಯ ಮಾತನ್ನು ಯಾರೂ ಎತ್ತುವುದಿಲ್ಲ ಅನ್ನುವುದು ವಿಚಿತ್ರ.

ಚೈನ್‌ಗಳಲ್ಲಿ 'ಸಿಟಿಸಿ 25,000' ಅಂದರೆ ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು, ಕೈಗೆ 25,000 ಅಲ್ಲ. 15,000ದ ಮೇಲೆ ಪಿಎಫ್ ಹಿಡಿದರೆ ಕಂಪನಿಯ ಪಾಲು 1,800, ನಿಮ್ಮ ಪಾಲು 1,800. ಕೈಗೆ ಬರುವುದು 21,400.

ಕನ್ಸಲ್ಟೆಂಟ್ ಹಣದಲ್ಲಿ 10% ಟಿಡಿಎಸ್ (ಮುಂಗಡವಾಗಿ ಕಡಿತವಾಗುವ ತೆರಿಗೆ) ಹಿಡಿಯಬಹುದು. ಅದು ಕಳೆದುಹೋದ ಹಣವಲ್ಲ. ದಂತವೈದ್ಯರು ಒಟ್ಟು ರಸೀದಿಯ ಅರ್ಧವನ್ನು ಆದಾಯ ಅಂತ ತೋರಿಸುವ ಸರಳ ಪದ್ಧತಿ ಆದಾಯ ತೆರಿಗೆಯಲ್ಲಿದೆ. ಫ್ರೆಶರ್ ಗಳಿಕೆಗೆ ಸಾಮಾನ್ಯವಾಗಿ ತೆರಿಗೆಯೇ ಬರುವುದಿಲ್ಲ, ರಿಟರ್ನ್ ಹಾಕಿದರೆ ಟಿಡಿಎಸ್ ವಾಪಸ್. ಹಿಡಿದದ್ದನ್ನು ಅವರು ನಿಜವಾಗಿ ಕಟ್ಟಿದ್ದಾರೆಯೇ ಅಂತ ಮಾತ್ರ ಆದಾಯ ತೆರಿಗೆ ವೆಬ್‌ಸೈಟಿನಲ್ಲಿ ನಿಮ್ಮ ಹೆಸರಿನ ಟಿಡಿಎಸ್ ಲೆಕ್ಕದಲ್ಲಿ ನೋಡುತ್ತಿರಿ.

ಹೆಜ್ಜೆ 9: ಸಹಿ ಹಾಕುವ ಮುಂಚೆ

ಒರಿಜಿನಲ್ ಮಾರ್ಕ್ಸ್ ಕಾರ್ಡ್, ಡಿಗ್ರಿ ಸರ್ಟಿಫಿಕೇಟ್ ಯಾರಿಗೂ ಕೊಡಬೇಡಿ. ತೋರಿಸಿ, ಜೆರಾಕ್ಸ್ ಕೊಟ್ಟು, ಒರಿಜಿನಲ್ ಬ್ಯಾಗಿಗೆ ಹಾಕಿಕೊಂಡು ಬನ್ನಿ. ಖಾಲಿ ಚೆಕ್ ಕೇಳಿದರೂ ಅಷ್ಟೇ.

'ಬಿಟ್ಟ ಮೇಲೆ ಎರಡು ವರ್ಷ 5 ಕಿಲೋಮೀಟರ್ ಒಳಗೆ ಪ್ರಾಕ್ಟೀಸ್ ಮಾಡಬಾರದು' ಅನ್ನುವ ಷರತ್ತು ಬಹಳ ಕಡೆ ಇರುತ್ತದೆ. 1872ರ ಒಪ್ಪಂದ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಕೆಲಸ ಬಿಟ್ಟ ಮೇಲೆ ವೃತ್ತಿ ಮಾಡದಂತೆ ತಡೆಯುವ ಇಂಥ ಷರತ್ತು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಹಾಗಂತ ಸುಮ್ನೆ ಸಹಿ ಹಾಕಬೇಡಿ. ವಕೀಲರ ನೋಟಿಸ್ ಬಂದರೆ ಮನೆಯಲ್ಲಿ ನಿದ್ದೆ ಹೋಗುತ್ತದೆ. ತೆಗೆಸಿ, ಇಲ್ಲವೇ ಕಿರಿದು ಮಾಡಿಸಿ. ರೋಗಿಗಳ ಫೋನ್ ನಂಬರ್ ಪಟ್ಟಿ ಎತ್ತಿಕೊಂಡು ಹೋಗುವುದು ಬೇರೆ ವಿಷಯ, ಅದನ್ನು ಮಾಡಲೇಬೇಡಿ.

ಬಾಂಡ್ ಮಾತ್ರ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. ಅವಧಿಗೆ ಮುಂಚೆ ಬಿಟ್ಟರೆ ಇಷ್ಟು ಕಟ್ಟಬೇಕು ಅನ್ನುವ ಷರತ್ತನ್ನು, ಒಂದು ಸರ್ಕಾರಿ ಬ್ಯಾಂಕಿನ 2 ಲಕ್ಷದ ಬಾಂಡ್ ವಿಷಯದಲ್ಲಿ, ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಕ್ಲಿನಿಕ್ ನಿಮಗೆ ದುಡ್ಡು ಖರ್ಚು ಮಾಡಿ ಏನೂ ಕಲಿಸದಿದ್ದರೆ ಬಾಂಡ್ ಯಾತಕ್ಕೆ ಅಂತ ನೇರವಾಗಿ ಕೇಳಿ. ನೋಟಿಸ್ 30 ದಿನ ಸಾಕು, ಮತ್ತು ಅದು ಎರಡೂ ಕಡೆಗೆ ಒಂದೇ ಇರಲಿ.

ಇನ್ಶೂರೆನ್ಸ್ ಕ್ಲಿನಿಕ್ಕಿನ ಹೆಸರಿನಲ್ಲಿ ಇದೆ ಅಂದರೆ ಸಾಲದು, ನಿಮ್ಮ ಹೆಸರಿನಲ್ಲೇ ಇಂಡೆಮ್ನಿಟಿ ಪಾಲಿಸಿ (ರೋಗಿ ಪರಿಹಾರ ಕೇಳಿದರೆ ನೆರವಾಗುವ ವಿಮೆ) ಮಾಡಿಸಿ. ರೋಗಿ ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷ ಸಮಯ ಇದೆ, ಅಷ್ಟರಲ್ಲಿ ನೀವು ಬೇರೆ ಊರಿನಲ್ಲಿರಬಹುದು. ಕೆಲಸ ಬದಲಾದರೂ ಪಾಲಿಸಿ ತಪ್ಪದೆ ನವೀಕರಿಸಿ.

ಹೆಜ್ಜೆ 10: ಮಾತಾಡಿದ್ದನ್ನು ಬರಹಕ್ಕೆ ತನ್ನಿ

ಸಣ್ಣ ಕ್ಲಿನಿಕ್ಕುಗಳಲ್ಲಿ ಅಗ್ರಿಮೆಂಟ್ ಕೇಳಿದರೆ ಚೀಫ್ ಡಾಕ್ಟರಿಗೆ ಬೇಜಾರಾಗುತ್ತದೆ ಅನ್ನುವ ಅಂಜಿಕೆ ಎಲ್ಲರಿಗೂ ಇರುತ್ತದೆ. ಹಾಗಾದರೆ ಮಾತಾಡಿ ಬಂದ ಸಂಜೆ ಹೀಗೊಂದು ಮೆಸೇಜ್ ಹಾಕಿ:

'ನಮಸ್ತೆ ಸರ್. ಇವತ್ತು ಸಮಯ ಕೊಟ್ಟಿದ್ದಕ್ಕೆ ಥ್ಯಾಂಕ್ಸ್. ನಾನು ಅರ್ಥ ಮಾಡಿಕೊಂಡಿದ್ದು ಇಷ್ಟು: ತಿಂಗಳಿಗೆ 20,000, ಜೊತೆಗೆ ಕಲೆಕ್ಷನ್‌ನಲ್ಲಿ ಲ್ಯಾಬ್ ಚಾರ್ಜ್ ಮಾತ್ರ ಕಳೆದು 20%. ಪ್ರತಿ ತಿಂಗಳು 5ನೇ ತಾರೀಕಿನೊಳಗೆ ಪೇಮೆಂಟ್. ವಾರಕ್ಕೆ ಒಂದು ದಿನ ರಜೆ. ಮೊದಲ ಮೂರು ತಿಂಗಳು ದವಡೆ ಹಲ್ಲಿನ ಆರ್‌ಸಿಟಿ ನೀವಿದ್ದಾಗ ಮಾತ್ರ. ನೋಟಿಸ್ ಇಬ್ಬರಿಗೂ 30 ದಿನ. ಏನಾದರೂ ತಪ್ಪಿದ್ದರೆ ತಿಳಿಸಿ ಸರ್.'

'ಸರಿ' ಅಂತ ಉತ್ತರ ಬಂದರೆ ನಿಮ್ಮ ಹತ್ತಿರ ಒಂದು ಬರಹ ಇದ್ದ ಹಾಗಾಯಿತು. 'ಅದೆಲ್ಲ ಯಾಕೆ, ನಂಬಿಕೆ ಇಲ್ವಾ?' ಅಂತ ಫೋನ್ ಬಂದರೂ ಒಂದು ಉತ್ತರ ಸಿಕ್ಕಿತು.

ಸಂಬಳ ಏರಿಸಲು ಒಪ್ಪದ ಕಡೆ ಬೇರೆಯದನ್ನು ಕೇಳಿ. ಒಂದು ಸಂಜೆ ಬಿಡುವು, ತಿಂಗಳಿಗೆ ಇಷ್ಟು ಆರ್‌ಸಿಟಿ ಕೇಸ್, ಕನ್ಸಲ್ಟೆಂಟ್ ಸರ್ಜನ್ ಬಂದಾಗ ಅಸಿಸ್ಟ್ ಮಾಡುವ ಅವಕಾಶ. ಕ್ಲಿನಿಕ್ಕಿಗೆ ಇದರಿಂದ ಖರ್ಚಿಲ್ಲ, ಹೆಚ್ಚಾಗಿ ಒಪ್ಪುತ್ತಾರೆ. ಮೂರು ತಿಂಗಳಿಗೆ ಮತ್ತೆ ಕೂತು ಮಾತಾಡೋಣ ಅಂತ ತಾರೀಕು ಹಾಕಿಸಿಕೊಳ್ಳಿ. ಆ ದಿನ ಡೈರಿ ತೆಗೆದುಕೊಂಡು ಹೋಗಿ. ಎಷ್ಟು ಕೇಸ್ ಮಾಡಿದಿರಿ, ಎಷ್ಟು ವಾಪಸ್ ಬಂದವು, ಎಷ್ಟು ಕಲೆಕ್ಷನ್ ಆಯಿತು ಅನ್ನುವುದು ಅದರಲ್ಲಿರುತ್ತದೆ. ಮೊದಲ ಹೆಜ್ಜೆಯಲ್ಲಿ ಮಾಡಿದ ಹಾಳೆಯನ್ನೂ ಪಕ್ಕದಲ್ಲಿಡಿ. ಮೂರು ತಿಂಗಳಲ್ಲಿ ಎರಡನೇ ಕಾಲಮಿನಿಂದ ಮೊದಲನೆಯದಕ್ಕೆ ಒಂದೂ ದಾಟಿರದಿದ್ದರೆ, ಸಂಬಳ ಏರಿಸಿದರೂ ಬೇರೆ ಕ್ಲಿನಿಕ್ ಹುಡುಕಲು ಶುರು ಮಾಡಿ.